ಕೆಲಸದಲ್ಲಿದ್ದುಕೊಂಡೇ ಹವಾಮಾನ ತರಬೇತಿ

ಪ್ರಶ್ನೆ: ನಾನು ಕೃಷಿ ಪದವೀಧರ, ರೈತರ ಸಹಕಾರ ಸಂಘವೊಂದರಲ್ಲಿ ಕೆಲಸ ಮಾಡುತ್ತಿದ್ದೇನೆ. ಅಭಿವೃದ್ಧಿಶೀಲ ದೇಶಗಳ ವೃತ್ತಿಪರರಿಗೆ ಹವಾಮಾನ ಬದಲಾವಣೆಯ ಕುರಿತು ತರಬೇತಿಗಳಿವೆ ಎಂದು ತಿಳಿಯಿತು. ಕೆಲಸ ಬಿಟ್ಟು ಅದನ್ನೇ ಓದುವುದು ಸರಿಯೇ? ಅದರಿಂದ ನಮ್ಮ ಅಡಿಕೆ, ಭತ್ತದ ಬೆಳೆಗಾರರಿಗೆ ಪ್ರಯೋಜನವಿದೆಯೇ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಕೆಲಸ ಬಿಡಬೇಡಿ. ಬೆಳೆ, ಕಾಮಗಾರಿ, ಕಾಡು ಇವುಗಳ ಬಗ್ಗೆ ದಿನವೂ ತೀರ್ಮಾನ ಕೈಗೊಳ್ಳುವವರಿಗೆ ಸಿಕ್ಕಾಗಲೇ ಇಂಥ ತರಬೇತಿ ಹೆಚ್ಚು ಫಲ ಕೊಡುತ್ತದೆ. ಇಂಥ ಸಾಮರ್ಥ್ಯವರ್ಧನೆಯು ಆಯಾ ದೇಶದ ಅಗತ್ಯಗಳಿಗೆ ಅನುಗುಣವಾಗಿರಬೇಕು, ಸ್ಥಳೀಯ ಮಟ್ಟದವರೆಗೂ ತಲುಪಬೇಕು ಎಂದು ಹವಾಮಾನ ಬದಲಾವಣೆ ಕುರಿತ 2015ರ ಪ್ಯಾರಿಸ್ ಒಪ್ಪಂದದ 11ನೆಯ ವಿಧಿಯೇ ಹೇಳುತ್ತದೆ. ಕಾಗದದ ಮೇಲಿನ ಈ ಮಾತು ಊರಿಗೆ ಇಳಿಯುವುದು ನಿಮ್ಮಂಥವರ ಮೂಲಕವೇ.

ಅಡಿಕೆಯ ಕೊಳೆರೋಗವನ್ನೇ ನೋಡಿ. ಮುಂಗಾರು ಹಿಡಿಯುವ ಮೊದಲು ಒಮ್ಮೆ, ಸುಮಾರು 40–45 ದಿನಗಳ ಬಳಿಕ ಇನ್ನೊಮ್ಮೆ ಮೈಲುತುತ್ತ, ಸುಣ್ಣ ಸೇರಿಸಿ ಮಾಡುವ ಶೇ. 1ರ ಬೋರ್ಡೋ ದ್ರಾವಣ ಸಿಂಪಡಿಸುವುದು ರೂಢಿಯ ಶಿಫಾರಸು. ಮಳೆ ಬೇಗ ಬಂದು, ಹೊಳವಾಗದೆ (ಮಳೆ ಬಿಡುವು ಕೊಡದೆ) ವಾರಗಟ್ಟಲೆ ಸುರಿದರೆ ಆ ಲೆಕ್ಕ ತಪ್ಪುತ್ತದೆ. ಹೊಳವಾದ ದಿನ ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರರು ಸಿಗುವುದಿಲ್ಲ. ಹವಾಮಾನ ಇಲಾಖೆಯ ಮುನ್ಸೂಚನೆಯನ್ನು ಓದಿ, ಯಾವ ಭಾಗದ ತೋಟಕ್ಕೆ ಯಾವಾಗ ಔಷಧಿ ಹೊಡೆಯಬೇಕು, ಮೈಲುತುತ್ತ, ಸುಣ್ಣ, ಕೊನೆಗಾರರನ್ನು ಎಷ್ಟು ಮುಂಚಿತವಾಗಿ ಗೊತ್ತುಮಾಡಬೇಕು ಎಂದು ಸಂಘವೇ ಯೋಜಿಸಿದರೆ, ಹವಾಮಾನ ಬದಲಾವಣೆಗೆ ಹೊಂದಾಣಿಕೆ ಎಂದು ಪಠ್ಯಗಳು ಕರೆಯುವುದು ಅದನ್ನೇ.

ಭೂಮಿಯ ಬಿಸಿ ಏರಿಸುವ ಹಸಿರುಮನೆ ಅನಿಲಗಳನ್ನು ತಗ್ಗಿಸುವ ಪಾಠಗಳನ್ನು ಮಾತ್ರ ಹಾಗೆಯೇ ಒಪ್ಪಬೇಡಿ. ನೀರು ನಿಂತ ಗದ್ದೆಯಿಂದ ಮೀಥೇನ್ ಎಂಬ ಅಂಥ ಅನಿಲ ಹೊರಬರುತ್ತದೆ, ಆದ್ದರಿಂದ ಗದ್ದೆಯನ್ನು ಆಗಾಗ ಒಣಗಿಸಿ ನೀರು ಕಟ್ಟಬೇಕು ಎಂಬ ವಿಧಾನ ನಾಲೆಯ ನೀರನ್ನು ತೆರೆದು ಮುಚ್ಚಬಲ್ಲ ಭದ್ರಾ ಅಚ್ಚುಕಟ್ಟಿಗೆ ಒಪ್ಪೀತು. ಒಂದು ಗದ್ದೆಯಿಂದ ಇನ್ನೊಂದಕ್ಕೆ ಮಳೆನೀರು ಹರಿಯುತ್ತಲೇ ಇರುವ ತೀರ್ಥಹಳ್ಳಿಯ ಮಕ್ಕಿಗದ್ದೆಗಳಲ್ಲಿ ಆಷಾಢದಲ್ಲಿ ಒಣಗಿಸುವುದಾದರೂ ಹೇಗೆ? ಇಂಥ ಪ್ರಶ್ನೆ ಎತ್ತಲು ಅವಕಾಶವಿಲ್ಲದ ತರಬೇತಿ, ಪ್ರಮಾಣಪತ್ರ ಎಷ್ಟೇ ದೊಡ್ಡದಿರಲಿ, ನಿಮಗೆ ಬೇಕಿಲ್ಲ.

ಆರಂಭಕ್ಕೆ ವಿಶ್ವಸಂಸ್ಥೆಯ 'ಯುಎನ್ ಸಿಸಿ:ಲರ್ನ್' ಆನ್‌ಲೈನ್‌ನಲ್ಲಿ ಉಚಿತವಾಗಿ ನೀಡುವ ಪಾಠಗಳು ಸಾಕು. ಆದರೆ ಅವು ಬಹುಪಾಲು ಇಂಗ್ಲಿಷಿನಂಥ ಭಾಷೆಗಳಲ್ಲಿವೆ, ಉದಾಹರಣೆಗಳೂ ದೂರದವು. ಜೊತೆಗೆ, ಇರುವಕ್ಕಿಯಲ್ಲಿ ಆವರಣವಿರುವ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ತಜ್ಞರನ್ನು ಕಾಣಿ. ಭಾರತೀಯ ಕೃಷಿ ಸಂಶೋಧನಾ ಪರಿಷತ್ತು ಹವಾಮಾನದ ಏರುಪೇರನ್ನು ತಾಳುವ ಕೃಷಿಗಾಗಿ 2011ರಲ್ಲಿ ಆರಂಭಿಸಿದ 'ನಿಕ್ರಾ' ಯೋಜನೆಯಲ್ಲಿ ಕೃಷಿ ವಿಜ್ಞಾನ ಕೇಂದ್ರಗಳು ಹಳ್ಳಿಗಳಲ್ಲೇ ಪ್ರಾತ್ಯಕ್ಷಿಕೆ ನಡೆಸಿವೆ. ಸಾಧ್ಯವಾದರೆ ಅಂಥ ಒಂದು ಹಳ್ಳಿಯನ್ನು ನೋಡಿ ಬನ್ನಿ. ಬಳಿಕ ದೀರ್ಘಾವಧಿಯ ತರಬೇತಿಗೆ ಸೇರುವುದಾದರೆ, ಅಲ್ಲಿ ಕೊಡುವ ಯೋಜನಾಕಾರ್ಯಕ್ಕೆ ನಿಮ್ಮ ಸಂಘದ ಔಷಧಿ ಸಿಂಪಡಣೆಯ ವೇಳಾಪಟ್ಟಿಯನ್ನೇ ವಿಷಯವಾಗಿ ಕೇಳಿಕೊಳ್ಳಿ.