ಜಾಮ್ ಆದ ಹಳೇ ಬೈಕು, ತುಕ್ಕು ಹಿಡಿದ ಟ್ಯಾಂಕು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಅಜ್ಜ ಓಡಿಸುತ್ತಿದ್ದ 1960ರ ದಶಕದ ಬೈಕು ಎಷ್ಟೋ ವರ್ಷದಿಂದ ಶೆಡ್ಡಿನಲ್ಲೇ ನಿಂತಿತ್ತು. ಈಗ ಹೊರಗೆ ತೆಗೆದಿದ್ದೇನೆ. ಕಿಕ್ಕರ್ ಅಲ್ಲಾಡುತ್ತಲೇ ಇಲ್ಲ. ಪೂರ್ತಿ ಬಿಚ್ಚಿ, ಪೇಂಟ್ ಹೊಡೆದು, ಆಮೇಲೆ ಎಂಜಿನ್ ನೋಡೋಣ ಅಂತಿದ್ದೇನೆ. ಸರಿಯಾ ಸರ್?

ಉತ್ತರ: ದಯವಿಟ್ಟು ಪೂರ್ತಿ ಬಿಚ್ಚಬೇಡಿ. ನನಗೆ ಬರುವ ಪತ್ರಗಳಲ್ಲಿ ಮನಸ್ಸಿಗೆ ತುಂಬಾ ಬೇಜಾರಾಗುವುದು ಒಂದೇ ಥರದ ಪತ್ರ ಓದಿದಾಗ: 'ಎಲ್ಲಾ ಬಿಚ್ಚಿ ಡಬ್ಬಿಗೆ ತುಂಬಿದ್ದೆ, ಈಗ ಯಾವುದು ಎಲ್ಲಿಗೆ ಅಂತ ಗೊತ್ತಾಗ್ತಿಲ್ಲ.' ಅಂಥ ಗಾಡಿಗಳು ಕೊನೆಗೆ ಬಿಡಿಭಾಗಗಳಾಗಿಯೇ ಮಾರಾಟವಾಗುತ್ತವೆ. ಮೊದಲು ಎಂಜಿನ್ ಸ್ಟಾರ್ಟ್ ಆಗಲಿ, ಪೇಂಟ್ ಕೊನೆಗೆ. ಓಡುವ ಗಾಡಿಯಲ್ಲಿ ಗೇರ್ ಜಾರುತ್ತಾ, ಕ್ಲಚ್ ಹಿಡಿಯುತ್ತಾ, ಹೊಗೆ ಎಷ್ಟು ಬರುತ್ತೆ ಅಂತ ನೋಡಬಹುದು. ಬಿಚ್ಚಿಟ್ಟ ಗಾಡಿಯಲ್ಲಿ ಇದ್ಯಾವುದೂ ತಿಳಿಯೋದಿಲ್ಲ ಅಲ್ವಾ?

ಜಾಮ್ ಆಗಿರೋದು ಎಂಜಿನ್ನೇನಾ ಅಂತ ಖಾತ್ರಿ ಮಾಡಿಕೊಳ್ಳಿ. ಹೆಚ್ಚಿನ ಹಳೇ ಬೈಕುಗಳಲ್ಲಿ ಕಿಕ್ಕರಿನ ಬಲ ಕ್ಲಚ್ ದಾಟಿಯೇ ಎಂಜಿನ್‌ಗೆ ಹೋಗುತ್ತದೆ. ಕ್ಲಚ್ ಹಿಡಿದು ಕಿಕ್ಕರನ್ನು ಕೈಯಿಂದ ಒತ್ತಿ ನೋಡಿ. ಆಗ ಅದು ಸಲೀಸಾಗಿ ಇಳಿದರೆ ಹಿಡಿದುಕೊಂಡಿರೋದು ಎಂಜಿನ್. ಆಗಲೂ ಇಳಿಯದಿದ್ದರೆ ಕ್ಲಚ್ ಪ್ಲೇಟುಗಳು ಅಂಟಿರಬಹುದು, ಇಲ್ಲವೇ ಕಿಕ್ಕರ್ ಗೇರೇ ಸಿಕ್ಕಿಕೊಂಡಿರಬಹುದು.

ಎಂಜಿನ್ ಹಿಡಿದಿದ್ದರೆ ಸಾಮಾನ್ಯವಾಗಿ ಕಾರಣ ಒಂದೇ. ತೇವ ಒಳಗೆ ಸೇರಿ ಪಿಸ್ಟನ್ ರಿಂಗುಗಳು ಬೋರಿಗೆ (ಸಿಲಿಂಡರಿನ ಒಳಗೋಡೆಗೆ) ತುಕ್ಕಿನಿಂದ ಕಚ್ಚಿಕೊಂಡಿರುತ್ತವೆ. ಎರಡೂ ಎರಕದ ಕಬ್ಬಿಣ, ಸುಲಭವಾಗಿ ತುಕ್ಕು ಹಿಡಿಯುತ್ತವೆ. ಪ್ಲಗ್ ಬಿಚ್ಚಿ. ಅಸಿಟೋನ್ ಮತ್ತು ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್ ಸಮ ಪಾಲು ಸೇರಿಸಿ, ಆ ರಂಧ್ರದಿಂದ ಪಿಸ್ಟನ್ ಮೇಲೆ ಸುರಿಯಿರಿ. ಇವೆರಡೂ ಬೇಗ ಬೇರೆಯಾಗುತ್ತವೆ, ಹಾಗಾಗಿ ಸುರಿಯುವ ಮುಂಚೆ ಚೆನ್ನಾಗಿ ಕುಲುಕಿ. ಅಸಿಟೋನ್ ತಕ್ಷಣ ಬೆಂಕಿ ಹಿಡಿಯುವ ವಸ್ತು, ಪೇಂಟನ್ನೂ ತಿನ್ನುತ್ತದೆ. ಅದನ್ನು ಬಯಲಲ್ಲೇ ಬಳಸಿ.

ಇಲ್ಲಿಂದ ಮುಂದೆ ತಾಳ್ಮೆ ಬೇಕು. ಕೆಲವು ದಿನ ಹಾಗೇ ಬಿಡಿ, ಇಳಿದಷ್ಟು ಮತ್ತೆ ಸುರಿಯಿರಿ. ಆಮೇಲೆ ಟಾಪ್ ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ಹಿಂದಕ್ಕೂ ಮುಂದಕ್ಕೂ ಮೆಲ್ಲಗೆ ಅಲ್ಲಾಡಿಸಿ. ಕೂದಲೆಳೆಯಷ್ಟು ಮಿಸುಕಿದರೂ ನೀವು ಗೆದ್ದ ಹಾಗೆ. ಮುಂದಕ್ಕೆ ಸ್ವಲ್ಪ, ಹಿಂದಕ್ಕೆ ಸ್ವಲ್ಪ, ಮಧ್ಯೆ ಇನ್ನಷ್ಟು ಆಯಿಲ್. ಕಿಕ್ಕರ್ ಮೇಲೆ ಮಾತ್ರ ಹತ್ತಿ ನಿಲ್ಲಬೇಡಿ, ಗೇರಿನ ಹಲ್ಲು ಮುರಿಯುತ್ತದೆ. ಪಿಸ್ಟನ್ ತಲೆಗೆ ಸುತ್ತಿಗೆ ಹೊಡೆಯುವ ಯೋಚನೆಯಂತೂ ಬೇಡವೇ ಬೇಡ.

ಬಿಡುಗಡೆಯಾದ ಕೂಡಲೇ ಸ್ಟಾರ್ಟ್ ಮಾಡಬೇಡಿ. ಪ್ಲಗ್ ರಂಧ್ರದಲ್ಲಿ ಸಣ್ಣ ಟಾರ್ಚ್ ಬಿಟ್ಟು ಬೋರ್ ನೋಡಿ. ಬರೀ ಬಣ್ಣ ಮಾಸಿದ ಕಲೆ ಇದ್ದರೆ ಚಿಂತೆಯಿಲ್ಲ. ಗುಳಿ ಬಿದ್ದಿದ್ದರೆ ಹೆಡ್ ಮತ್ತು ಸಿಲಿಂಡರ್ ತೆಗೆಯಲೇಬೇಕು. ಆ ಭಾಗ ಮಾತ್ರ ತೆಗೆಯಿರಿ. ತೆಗೆಯುವ ಮುಂಚೆ ಫೋಟೋ, ತೆಗೆದ ಮೇಲೆ ಪ್ರತಿ ನಟ್ಟು ತನ್ನ ಬೋಲ್ಟಿಗೇ ವಾಪಸ್.

ಪ್ರಶ್ನೆ: ಪೆಟ್ರೋಲ್ ಟ್ಯಾಂಕಿನ ಒಳಗೆಲ್ಲ ತುಕ್ಕು, ಒಂದು ಕಡೆ ಸಣ್ಣ ತೂತೂ ಇದೆ. ಬ್ಯಾಟರಿ ಚಾರ್ಜರ್ ಮತ್ತು ವಾಷಿಂಗ್ ಸೋಡಾದಿಂದ ತುಕ್ಕು ತೆಗೆಯಬಹುದಂತೆ. ಮನೆಯಲ್ಲೇ ಮಾಡಬಹುದಾ?

ಉತ್ತರ: ಮಾಡಬಹುದು. ಆದರೆ ಟ್ಯಾಂಕಿಗೆ ನನ್ನ ಮೊದಲ ಆಯ್ಕೆ ಸಿಟ್ರಿಕ್ ಆಸಿಡ್ ನೀರು. ಅದು ಮೂಲೆ ಮೂಲೆಗೂ ಹೋಗುತ್ತದೆ. ನೀವು ಹೇಳಿದ ಚಾರ್ಜರಿನ ಕರೆಂಟ್ ವಿಧಾನದಲ್ಲಿ, ಟ್ಯಾಂಕಿನೊಳಗೆ ಇಳಿಬಿಡುವ ಕಂಬಿಗೆ ನೇರ ಎದುರಿಗಿರುವ ಜಾಗ ಮಾತ್ರ ಚೆನ್ನಾಗಿ ಶುಚಿಯಾಗುತ್ತದೆ. ಆಸಿಡ್ ಚೆಲ್ಲಿದ ಮೇಲೆ ಅಡುಗೆ ಸೋಡಾ ನೀರಿನಿಂದ ತೊಳೆದು, ತಕ್ಷಣ ಒಣಗಿಸಿ, ಒಳಗೆ ಎಣ್ಣೆ ಆಡಿಸಿ. ತಡ ಮಾಡಿದರೆ ಕಣ್ಣೆದುರೇ ಹೊಸ ತುಕ್ಕು ಹತ್ತುತ್ತದೆ.

ಕರೆಂಟ್ ವಿಧಾನವೇ ಬೇಕೆಂದರೆ ಪೆಟ್ರೋಲ್ ವಾಸನೆ ಪೂರ್ತಿ ಹೋಗುವವರೆಗೆ ತೊಳೆಯಿರಿ. ಟ್ಯಾಂಕಿಗೆ ಮೈನಸ್, ಒಳಗೆ ತಾಗದಂತೆ ಇಳಿಬಿಟ್ಟ ಸಾದಾ ಕಬ್ಬಿಣದ ಕಂಬಿಗೆ ಪ್ಲಸ್. ಸ್ಟೇನ್‌ಲೆಸ್ ಸ್ಟೀಲ್ ಬೇಡ, ಅದರಿಂದ ವಿಷಕಾರಿ ಕ್ರೋಮಿಯಂ ನೀರಿಗೆ ಸೇರುತ್ತದೆ. ಹೈಡ್ರೋಜನ್ ಏಳುವುದರಿಂದ ಇದೂ ಬಯಲಲ್ಲೇ ಆಗಬೇಕು. ಕ್ಲಿಪ್ ಕೀಳುವ ಮುಂಚೆ ಚಾರ್ಜರ್ ಆಫ್ ಮಾಡಿ, ಇಲ್ಲದಿದ್ದರೆ ಒಂದು ಕಿಡಿ ಸಾಕು.

ತೂತಿಗೆ ಮನೆಯಲ್ಲಿ ವೆಲ್ಡಿಂಗ್ ಮಾತ್ರ ಬೇಡ. ಖಾಲಿ ಟ್ಯಾಂಕಿನಲ್ಲಿ ಉಳಿದ ಆವಿಯೇ ಸಿಡಿಯುತ್ತದೆ. ಟ್ಯಾಂಕ್ ರಿಪೇರಿಯಲ್ಲಿ ಪಳಗಿದವರಿಗೇ ಕೊಡಿ.

ಪ್ರಶ್ನೆ: ನನ್ನದು ಹಳೇ ಬ್ರಿಟಿಷ್ ಬೈಕು. ಮಿಲಿಮೀಟರ್ ಸ್ಪ್ಯಾನರ್ ಯಾವುದೂ ಸರಿಯಾಗಿ ಕೂರುವುದಿಲ್ಲ.

ಉತ್ತರ: ಕೂರುವುದೂ ಇಲ್ಲ. ನಿಮಗೆ ವಿಟ್‌ವರ್ಥ್ ಸ್ಪ್ಯಾನರ್ ಬೇಕು. ಜೋಸೆಫ್ ವಿಟ್‌ವರ್ಥ್ 1841ರಲ್ಲಿ ಮುಂದಿಟ್ಟ ಅಳತೆ ಅದು. ಅದರ ಮೇಲಿನ ಅಂಕಿ ಬೋಲ್ಟಿನ ದಪ್ಪದ್ದು, ತಲೆಯ ಅಗಲದ್ದಲ್ಲ. ಥ್ರೆಡ್ಡಿನ ಕೋನವೂ 55 ಡಿಗ್ರಿ, ಮಿಲಿಮೀಟರ್ ಬೋಲ್ಟಿನದು 60. ಸುಮಾರಾಗಿ ಹೊಂದುತ್ತೆ ಅಂತ ಮಿಲಿಮೀಟರ್ ಬೋಲ್ಟನ್ನೇ ಒತ್ತಿ ತಿರುಗಿಸಿದರೆ ಎಂಜಿನ್ನಿನ ಅಲ್ಯೂಮಿನಿಯಂ ಥ್ರೆಡ್ಡೇ ಕಿತ್ತು ಬರುತ್ತದೆ.

ಪ್ರಶ್ನೆ: ಬ್ರೇಕ್ ಡ್ರಮ್ಮಿನ ಧೂಳನ್ನು ಏರ್ ಹೊಡೆದು ತೆಗೆಯಬಹುದಾ?

ಉತ್ತರ: ಬೇಡ. ಹಳೇ ಬ್ರೇಕ್ ಲೈನರುಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು, ಅದು ಶ್ವಾಸಕೋಶದ ಕ್ಯಾನ್ಸರ್ ತರಬಲ್ಲದು. ಒಳ್ಳೆಯ ಮಾಸ್ಕ್ ಹಾಕಿ, ಡ್ರಮ್ ತೆಗೆದ ತಕ್ಷಣ ಸೋಪಿನ ನೀರು ಚಿಮುಕಿಸಿ. ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಒದ್ದೆಯಿರುವಾಗಲೇ ಕವರಿಗೆ ಹಾಕಿ ಬಿಗಿಯಾಗಿ ಕಟ್ಟಿಬಿಡಿ. ಮಕ್ಕಳು ಅಷ್ಟು ಹೊತ್ತು ಶೆಡ್ಡಿನ ಹತ್ತಿರ ಬರದಂತೆ ನೋಡಿಕೊಳ್ಳಿ.