ಕುದಿಸಿದರೆ ಸತ್ವ ಹೋಗುತ್ತದೆಯೇ? ಹೋಗಬೇಕಾದದ್ದು ಹೋಗಲಿ ಬಿಡಿ

ಪ್ರಶ್ನೆ: ಮಂಡಿನೋವಿಗೆ ಚೀನೀ ವೈದ್ಯರು ಸಂಸ್ಕರಿಸಿದ ಚ್ವಾನ್‌ವೂ ಬರೆದುಕೊಟ್ಟಿದ್ದಾರೆ. ಒಮ್ಮೆ ಬೇಯಿಸಿ ಒಣಗಿಸಿದ್ದನ್ನು ಮತ್ತೆ ಒಂದು ಗಂಟೆ ಕುದಿಸಿದರೆ ಸತ್ವ ಹೋಗುವುದಿಲ್ಲವೇ? ಬ್ರಾಂದಿಯಲ್ಲಿ ನೆನೆಹಾಕಿ ಕುಡಿಯಬಹುದೇ?

ಉತ್ತರ: ಬ್ರಾಂದಿಯದ್ದು ಮೊದಲು ಮುಗಿಸೋಣ: ಬೇಡ. ಚ್ವಾನ್‌ವೂ ನಮ್ಮ ವತ್ಸನಾಭಿ ಎಂಬ ವಿಷಗೆಡ್ಡೆಯ ಕುಲದ ಗೆಡ್ಡೆ. ಅದರ ವಿಷವಾದ ಅಕೊನಿಟಿನ್ ಮದ್ಯದಲ್ಲಿ ಚೆನ್ನಾಗಿ ಕರಗುತ್ತದೆ, ಆದರೆ ಒಡೆಯುವುದಿಲ್ಲ. ಅಂಥ ಬಾಟಲಿಯಿಂದ ಸತ್ತವರಿದ್ದಾರೆ.

ಒಡೆಯುವುದಕ್ಕೆ ಕುದಿಯುವ ನೀರು ಬೇಕು. ಅಣುವಿಗೆ ಅಂಟಿಕೊಂಡ ಎರಡು ಎಸ್ಟರ್ ತುಂಡುಗಳಲ್ಲಿ ಮೊದಲು ಅಸಿಟೈಲ್ ಕಳಚಿ ಬೆಂಝಾಯಿಲ್‌ಅಕೊನಿನ್ ಆಗುತ್ತದೆ. ವಿಷ ಇನ್ನೂರರಲ್ಲಿ ಒಂದು ಪಾಲಿಗೋ ಇನ್ನೂ ಕೆಳಕ್ಕೋ ಇಳಿಯುತ್ತದೆ. ಮತ್ತೂ ಕುದಿಸಿದರೆ ಬೆಂಝಾಯಿಲ್ ಕೂಡ ಹೋಗಿ ಅಕೊನಿನ್ ಉಳಿಯುತ್ತದೆ, ಅದು ಇನ್ನೂ ಸೌಮ್ಯ. ನೀವು ಸತ್ವವೆಂದು ಮರುಗುತ್ತಿರುವುದು ಈ ಮೊದಲಿನ ವಿಷವನ್ನೇ.

ಚೀನಾದ ಫಾರ್ಮಕೋಪಿಯಾ, ಅಂದರೆ ಅಧಿಕೃತ ಔಷಧ ಸಂಹಿತೆ, ಹೇಳುವ ವಿಧಾನ ಹೀಗಿದೆ: ಗೆಡ್ಡೆಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸಿ, ಒಳಗೆ ಒಣ ತಿರುಳು ಉಳಿಯದಷ್ಟು ನೆನೆಸಿ, 4ರಿಂದ 6 ಗಂಟೆ ಕುದಿಸಬೇಕು, ಇಲ್ಲವೇ 6ರಿಂದ 8 ಗಂಟೆ ಹಬೆಯಲ್ಲಿ ಬೇಯಿಸಬೇಕು. ದೊಡ್ಡದೊಂದನ್ನು ಕೊಯ್ದರೆ ನಡುವೆ ಬಿಳಿ ಕಾಣಬಾರದು, ನಾಲಿಗೆ ಜುಮ್ಮೆನ್ನುವುದು ಅಲ್ಪ ಮಾತ್ರ ಇರಬೇಕು. (ಇದು ನುರಿತ ಕೆಲಸಗಾರನ ಗುರುತು. ನೀವು ಮನೆಯಲ್ಲಿ ನೆಕ್ಕಿ ನೋಡಬೇಡಿ.) ನಿಜವಾದ ನಷ್ಟವಾಗುವುದು ನೆನೆಸುವಾಗ, ಆಲ್ಕಲಾಯ್ಡ್ (ಅಕೊನಿಟಿನ್‌ನಂಥ ಸಸ್ಯಸತ್ವ) ಆ ನೀರಿನ ಜೊತೆ ಚರಂಡಿಗೆ ಹೋಗುತ್ತದೆ. ಮನೆಯ ಕಷಾಯದ ನೀರನ್ನು ನೀವು ಕುಡಿಯುತ್ತೀರಲ್ಲ, ಅಲ್ಲಿ ಏನು ಹೋಯಿತು?

ಇನ್ನು ಲೆಕ್ಕ. ಸಂಸ್ಕರಿಸಿದ ಚೂರಿನಲ್ಲಿ ಎರಡೂ ಎಸ್ಟರ್ ಉಳಿದಿರುವ ಡೈಎಸ್ಟರ್ ವಿಷಗಳು (ಅಕೊನಿಟಿನ್ ಮತ್ತು ಅದರ ಬಳಗ) ಒಟ್ಟು 0.040% ಮೀರಬಾರದು, ಅಸಿಟೈಲ್ ಕಳಚಿದ ಬೆಂಝಾಯಿಲ್ ರೂಪಗಳು ಮಾತ್ರ 0.070ರಿಂದ 0.15% ಇರಲೇಬೇಕು. ಔಷಧ ಯಾವುದೆಂದು ಇದರಲ್ಲೇ ಗೊತ್ತಾಗುತ್ತದೆ. ಗರಿಷ್ಠ ಪ್ರಮಾಣವಾದ 3 ಗ್ರಾಮಿನಲ್ಲಿ, ನಿಯಮ ಪಾಲಿಸಿದ ಮಾಲಿನಲ್ಲೂ, 1.2 ಮಿಲಿಗ್ರಾಂ ವಿಷ ಉಳಿದಿರಬಹುದು. ಅಕೊನಿಟಿನ್ 2 ಮಿಲಿಗ್ರಾಮಿಗೇ ಮನುಷ್ಯನ ಪ್ರಾಣ ತೆಗೆಯಬಲ್ಲದು. ಅದಕ್ಕೇ ಮರುಕುದಿಸುವುದು.

ಚೂರುಗಳನ್ನು ಮಾತ್ರ ಮೊದಲು ಪಾತ್ರೆಗೆ ಹಾಕಿ. ಕುದಿ ಬಂದ ಮೇಲೆ ಗಡಿಯಾರ ನೋಡಿ ಪೂರ್ತಿ 60 ನಿಮಿಷ, ಆಮೇಲೆ ಉಳಿದ ಮೂಲಿಕೆಗಳು. ನೀರು ಇಂಗಿದರೆ ಕುದಿಯುವ ನೀರನ್ನೇ ಸೇರಿಸಿ. ತಣ್ಣೀರು ಸುರಿದರೆ ಕುದಿ ಬಿದ್ದು ಹೋಗುತ್ತದೆ. ಎಲ್ಲವನ್ನೂ ಒಟ್ಟಿಗೆ ಹಾಕಿ ಇಪ್ಪತ್ತು ನಿಮಿಷಕ್ಕೆ ಇಳಿಸುವುದು, ಒಂದು ವಾರದ ಪೊಟ್ಟಣವನ್ನು ಒಂದೇ ಪಾತ್ರೆಗೆ ಸುರಿಯುವುದು: ಎಡವಟ್ಟುಗಳೆಲ್ಲ ಇಂಥವೇ. ತುಟಿ, ನಾಲಿಗೆ ಮರಗಟ್ಟಿದರೆ ನೇರ ಆಸ್ಪತ್ರೆಗೆ ಹೋಗಿ. ಇದಕ್ಕೆ ಪ್ರತಿವಿಷವಿಲ್ಲ, ಹೃದಯದ ಬಡಿತವೇ ತಪ್ಪುತ್ತದೆ.

ಪ್ರಶ್ನೆ: ವತ್ಸನಾಭಿಯನ್ನು ಗೋಮೂತ್ರದಲ್ಲಿ ಮೂರು ದಿನ ಇಟ್ಟು ಮನೆಯಲ್ಲೇ ಶುದ್ಧಿ ಮಾಡಬಹುದಂತೆ?

ಉತ್ತರ: ಹೇಳಿದವರೇ ಮೊದಲು ತಿಂದು ತೋರಿಸಲಿ ಎನ್ನಬೇಡಿ, ತಿಂದಾರು. ಉಳಿದ ವಿಷವನ್ನು ಅಳೆಯಲಾಗದವರು ಅದನ್ನು ಮುಟ್ಟಬಾರದು.

ಪ್ರಶ್ನೆ: ಕೆಂಪು ಜಿನ್‌ಸೆಂಗ್‌ಗೆ ಬಣ್ಣ ಹಾಕುತ್ತಾರೆಯೇ?

ಉತ್ತರ: ಇಲ್ಲ. ಹಬೆಯಲ್ಲಿ ಬೆಂದು ಕೆಂಪಗಾಗುತ್ತದೆ. ಬಿಳಿಯದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ ಇರುವ ಆರ್‌ಜಿ3 ಎಂಬ ಜಿನ್‌ಸೆನೊಸೈಡ್ (ಜಿನ್‌ಸೆಂಗ್‌ನ ಸತ್ವಗಳಲ್ಲೊಂದು) ಆಗ ಹುಟ್ಟುತ್ತದೆ.

ಪ್ರಶ್ನೆ: ಹ್ವಾಂಗ್‌ಚಿನ್ ಎಂಬ ಚೀನೀ ಔಷಧದ ಬೇರು ಹಸಿರಾಗಿದೆ. ತಾಜಾ ಇರಬೇಕಲ್ಲವೇ?

ಉತ್ತರ: ಕೆಟ್ಟಿದೆ. ತಣ್ಣೀರಿನಲ್ಲಿ ನೆನೆಸಿದ್ದಾರೆ, ಬೇರಿನದೇ ಕಿಣ್ವ ಅದರ ಸತ್ವವಾದ ಬೈಕಾಲಿನ್ ಅನ್ನು ಒಡೆದಿದೆ, ಒಡೆದದ್ದು ಗಾಳಿಗೆ ಹಸಿರಾಗಿದೆ. ಹಬೆ ಕೊಟ್ಟು ಕಿಣ್ವವನ್ನು ಕೊಂದಿದ್ದರೆ ಹಳದಿಯಾಗಿಯೇ ಉಳಿಯುತ್ತಿತ್ತು. ಅಂಗಡಿಗೆ ವಾಪಸ್ ಕೊಡಿ.

ಪ್ರಶ್ನೆ: ಬಿಳಿಕೂದಲಿಗೆ ಹೆ ಶೌ ವೂ ಎಂಬ ಚೀನೀ ಬೇರು ತಿನ್ನಬಹುದೇ? ಕಪ್ಪು ಸೋಯಾ ಕಾಳಿನ ರಸದಲ್ಲಿ ಬೇಯಿಸಿದ್ದು ಸುರಕ್ಷಿತವಂತೆ.

ಉತ್ತರ: ಬೇಯಿಸಿದ್ದನ್ನು ತಿಂದವರಲ್ಲೂ ಯಕೃತ್ತು ಕೆಟ್ಟದ್ದು ದಾಖಲಾಗಿದೆ. ಬಣ್ಣ ಹಚ್ಚಿಕೊಳ್ಳಿ.