ಅತ್ತೆ ಮಾವ ಒಂದು ತಿಂಗಳು ಇರಲು ಬರ್ತಿದ್ದಾರೆ, ಮನೇಲಿ ಎರಡು ವರ್ಷದ ಮಗು ಇದೆ. ಮನಸ್ತಾಪ ಆಗದ ಹಾಗೆ ಹೇಗೆ ನೋಡಿಕೊಳ್ಳೋದು?

ಮಗುವಿನ ಊಟ, ಮೊಬೈಲು, ಮಧ್ಯಾಹ್ನದ ನಿದ್ದೆ, ಈ ಮೂರಕ್ಕೇ ಜಗಳ ಆಗುತ್ತೇನೋ ಅಂತ ಭಯ ಅಂದಿದ್ದೀರಿ. ನಮ್ಮ ಮನೆಯಲ್ಲೂ ಇವೇ ಮೂರು. ನಾವಿರುವುದು ಬೆಂಗಳೂರಿನಲ್ಲಿ, ಅತ್ತೆ ಮಾವ ಚನ್ನರಾಯಪಟ್ಟಣದ ಹತ್ತಿರದ ಹಳ್ಳಿಯವರು. ಮಗಳಿಗೆ ಈಗ ಮೂರೂವರೆ, ಮಗನಿಗೆ ಒಂದೂವರೆ.

ಮೊದಲ ಸಲ ಅವರು ಬಂದಾಗ ಮಗಳಿಗೆ ಆಗಷ್ಟೇ ಎರಡು ತುಂಬಿತ್ತು. ಎಷ್ಟು ಗಂಟೆಗೆ ಹಾಲು, ಎಷ್ಟು ಗಂಟೆಗೆ ನಿದ್ದೆ, ಏನೇನು ಕೊಡಬಾರದು ಅಂತ ಎಲ್ಲ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿದ್ದೆ. ಅತ್ತೆ ಏನೂ ಅನ್ನಲಿಲ್ಲ. ಆದರೆ ಮೂರು ಮಕ್ಕಳನ್ನು ಸಾಕಿದ ಹೆಂಗಸು, ಮೊಮ್ಮಗಳಿಗೆ ಬಾಳೆಹಣ್ಣು ಸುಲಿಯೋಕೆ ಮುಂಚೆ "ಕೊಡ್ಲೇನಮ್ಮ?" ಅಂತ ನನ್ನ ಮುಖ ನೋಡುತ್ತಿದ್ದರು. ತಿಂಗಳು ಇರಲು ಬಂದವರು ಹತ್ತೇ ದಿನಕ್ಕೆ "ಹಸು ಕರು ಹಾಕೋ ಹಾಗಿದೆ" ಅಂತ ಹೊರಟುಬಿಟ್ಟರು. ಅದನ್ನು ನೆನೆಸಿಕೊಂಡರೆ ನನಗೆ ಇವತ್ತಿಗೂ ಸಂಕಟ ಆಗುತ್ತದೆ.

ಅದಕ್ಕೇ ಹೇಳ್ತೀನಿ, ಅವರನ್ನು ನೆಂಟರ ಹಾಗೆ ಸುಮ್ನೆ ಕೂರಿಸಬೇಡಿ, ಪಟ್ಟಿ ಹಿಡಿದು ಹಿಂದೆಯೂ ಸುತ್ತಬೇಡಿ. ಮಗುವಿನ ದಿನದಲ್ಲಿ ಒಂದು ಹೊತ್ತನ್ನು ಪೂರ್ತಿ ಅವರಿಗೇ ಬಿಟ್ಟುಕೊಡಿ. ಆ ಹೊತ್ತಿನಲ್ಲಿ ನೀವು ತಲೆ ಹಾಕಬೇಡಿ.

ಕಳೆದ ಅವರೆಕಾಯಿ ಕಾಲದಲ್ಲಿ ಅವರು ಬಂದಾಗ ನಾವು ಹಾಗೇ ಮಾಡಿದೆವು. ಬೆಳಗಿನ ಹೊತ್ತು ಅಜ್ಜಿಯದು, ಸಂಜೆಯ ಪಾರ್ಕು ತಾತನದು. ಅತ್ತೆ ಊರಿಂದ ಒಂದು ಚೀಲ ಸೊಗಡವರೆ ತಂದಿದ್ದರು. ರಾತ್ರಿ ನೆನೆಹಾಕಿದ ಕಾಳನ್ನು ಬೆಳಿಗ್ಗೆ ಮುಂದಿಟ್ಟುಕೊಂಡು ಹಿಚುಕಲು ಕೂತರು. ಮಗಳೂ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತಳು. ಅವಳು ಒತ್ತಿದ ಕಾಳಿಂದ ಬೇಳೆ ಪುಳಕ್ಕಂತ ಹಾರಿ ಫ್ರಿಜ್ ಕೆಳಗೆ ಹೋಯಿತು. ಇನ್ನೊಂದೂ ಹಾಗೇ. ಅತ್ತೆ ಅವಳ ಬೆರಳು ಹಿಡಿದು "ಮೆತ್ತಗೆ ಕಂದ, ಪಾತ್ರೆ ಕಡೆ ಮುಖ ಮಾಡು" ಅಂತ ತೋರಿಸಿದರು. ಐದನೆಯದು ಪಾತ್ರೆಗೇ ಬಿತ್ತು. ಒಂದು ಕಡೆ ಐದು ನಿಮಿಷ ನಿಲ್ಲದ ಹುಡುಗಿ ಮುಕ್ಕಾಲು ಗಂಟೆ ಕೂತಿದ್ದಳು. ಕಾಳು ಕಂಡರೆ ಮುಖ ತಿರುಗಿಸುತ್ತಿದ್ದವಳು ಮಧ್ಯಾಹ್ನ "ನನ್ ಬೇಳೆ" ಅಂತ ಅದೇ ಸಾರಿನಲ್ಲಿ ಮುದ್ದೆ ತಿಂದಳು. ಚಿಕ್ಕವನನ್ನು ಮಾತ್ರ ಮಾವ ಆಗ ಹೊರಗೆ ಎತ್ತಿಕೊಂಡು ಹೋಗಿದ್ದರು. ಸಿಕ್ಕಿದ ಕಾಳನ್ನು ಬಾಯಿಗೋ ಮೂಗಿಗೋ ತುರುಕಿಕೊಳ್ಳೋ ವಯಸ್ಸು ಅದು.

ಅಪಾಯದ ವಿಷಯದಲ್ಲಿ ಮಾತ್ರ ಸಂಕೋಚ ಬೇಡ. ಇಡೀ ಕಡಲೆಕಾಯಿ ಬೀಜ, ಇಡೀ ದ್ರಾಕ್ಷಿ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಬೀಜವನ್ನು ಪುಡಿ ಮಾಡಿ, ದ್ರಾಕ್ಷಿಯನ್ನು ಉದ್ದಕ್ಕೆ ಸೀಳಿ ಕೊಡಿ. ಬಿಪಿ, ಶುಗರ್ ಮಾತ್ರೆಗಳು ದಿಂಬಿನ ಪಕ್ಕದಲ್ಲೇ ಇರುತ್ತವೆ ಅಲ್ವಾ? ಅವರು ಬಂದ ದಿನವೇ ಅವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ. ವರ್ಷ ತುಂಬದ ಕೂಸು ಇದ್ದರೆ ಜೇನುತುಪ್ಪ ನೆಕ್ಕಿಸೋದು ಬೇಡವೇ ಬೇಡ. ಇವನ್ನೆಲ್ಲ ನಿಮ್ಮ ಯಜಮಾನರೇ ಅವರಪ್ಪ ಅಮ್ಮನಿಗೆ ಹೇಳಲಿ. ಸೊಸೆ ಬಾಯಲ್ಲಿ ಬಂದರೆ ಅದೇ ಮಾತು ಬೇರೆ ಥರ ಕೇಳಿಸುತ್ತದೆ.

ಮೊಬೈಲಿಗೆ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದನ್ನೇ ನಾವು ಹಿಡಿದುಕೊಂಡಿದ್ದೇವೆ. ಎರಡು ತುಂಬುವವರೆಗೆ ಬೇಡ, ಆಮೇಲೆ ದಿನಕ್ಕೆ 1 ಗಂಟೆ ಮೀರಬಾರದು, ಕಮ್ಮಿ ಆದಷ್ಟೂ ಒಳ್ಳೆಯದು. ನಿದ್ದೆ ಅರ್ಧ ಗಂಟೆ ಹಿಂದೆ ಮುಂದೆ ಆದರೆ, ಒಂದು ಚೂರು ಬೆಲ್ಲ ಜಾಸ್ತಿ ಆದರೆ ಬಿಟ್ಟುಬಿಡಿ.

ಇನ್ನೊಂದು, ಅವರು ಹೊರಡುವ ದಿನದ್ದು. ಅಳುತ್ತೆ ಅಂತ ಮಗು ಮಲಗಿದ್ದಾಗ ಹೇಳದೆ ಹೊರಡೋದು ನಮ್ಮಲ್ಲಿ ರೂಢಿ. ಮೊದಲ ಸಲ ಹಾಗೇ ಆಯಿತು. ಮಗಳು ಎದ್ದು ಮಂಚದ ಕೆಳಗೆ, ಬಚ್ಚಲಲ್ಲಿ, ಬಾಲ್ಕನಿಯಲ್ಲಿ ಅಜ್ಜಿಯನ್ನು ಹುಡುಕಿದಳು. ಎರಡು ದಿನ ನನ್ನನ್ನು ಅಡುಗೆಮನೆಗೂ ಬಿಡಲಿಲ್ಲ. ಈ ಸಲ ಹಿಂದಿನ ರಾತ್ರಿಯೇ "ನಾಳೆ ಊರಿಗೆ ಹೋಗಿ ಬರ್ತೀವಿ ಕಂದ" ಅಂತ ಅತ್ತೆಯೇ ಹೇಳಿದರು. ಬೆಳಿಗ್ಗೆ ಬಸ್ ಸ್ಟ್ಯಾಂಡಿಗೆ ಅವಳನ್ನೂ ಕರೆದುಕೊಂಡು ಹೋದೆವು. ಜೋರಾಗಿಯೇ ಅತ್ತಳು. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೆ ಟಾಟಾ ಮಾಡಿ, ದಾರಿಯುದ್ದಕ್ಕೂ "ಹಸು ನೋಡೋಕೆ ನಾವ್ಯಾವಾಗ ಹೋಗೋದು?" ಅಂತ ಕೇಳುತ್ತಾ ಬಂದಳು.